ಬಿಸಿಲಿನ ವಾಣಿಜ್ಯವೂ ದಾಸೋಹದ ಧರ್ಮವೂ

ಪ್ರಕೃತಿಯು ಯಾರ ಹೆಸರಿಗೂ ಬರೆದುಕೊಡದೆ ಸರ್ವರಿಗೂ ಸಮಾನವಾಗಿ ಎರೆಯುತ್ತಿರುವ ವಸ್ತುವೊಂದನ್ನು ಮನುಷ್ಯನು ವ್ಯಾಪಾರಕ್ಕೆ ತಂದು ಅದರಿಂದ ಲಾಭ ಪಡೆಯುವುದು ಧರ್ಮಸಮ್ಮತವೆ? ಹಿಂದೆ ನೀರಿನ ವಿಷಯದಲ್ಲಿ ಎದ್ದ ಈ ಪ್ರಶ್ನೆಯು ಈಗ ಬಿಸಿಲಿನ ವಿಷಯದಲ್ಲಿ ಎದ್ದಿದೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಟ್ಟಡಗಳ ಮೇಲೆ ಸೌರಫಲಕಗಳು ಸಾಲುಗಟ್ಟುತ್ತಿರುವ ಈ ಕಾಲದಲ್ಲಿ ಅದನ್ನು ಪಂಡಿತರ ಜಿಜ್ಞಾಸೆಯೆಂದು ಬದಿಗಿರಿಸುವಂತಿಲ್ಲ.

ಭೂಗರ್ಭದ ಅನಿಲವು ನಿಕ್ಷೇಪ, ನಿಕ್ಷೇಪವಿದ್ದಲ್ಲಿ ಕಾವಲು, ಕಾವಲಿದ್ದಲ್ಲಿ ಲೋಭ. ಬಿಸಿಲಿಗಾದರೋ ಬೇಲಿಯಿಲ್ಲ, ಆದಕಾರಣ ಅದರ ವಾಣಿಜ್ಯವು ಸಹಜವಾಗಿಯೇ ಸಾತ್ತ್ವಿಕವಾದುದು ಎಂದು ನಂಬಿರುವ ಸಜ್ಜನರು ಅನೇಕರುಂಟು. ಕತಾರ್ ದೇಶದ ನಿದರ್ಶನವು ಈ ನಂಬಿಕೆಯನ್ನು ಸ್ವಲ್ಪ ಸಡಿಲಿಸುತ್ತದೆ. ಅನಿಲಸಂಪತ್ತಿನಲ್ಲಿ ಜಗತ್ತಿನ ಅಗ್ರಗಣ್ಯ ರಾಷ್ಟ್ರಗಳಲ್ಲೊಂದಾಗಿ, 2004ರಿಂದ ಗುಜರಾತಿನ ದಹೇಜ್ ಬಂದರಿನ ಮೂಲಕ ನಮ್ಮ ದೇಶಕ್ಕೂ ದ್ರವೀಕೃತ ಅನಿಲವನ್ನು ಮಾರುತ್ತ ಬಂದಿರುವ ಆ ದೇಶವು, 2022ರ ಅಕ್ಟೋಬರಿನಲ್ಲಿ ಅಲ್ ಖರ್ಸಾ ಎಂಬಲ್ಲಿ 800 ಮೆಗಾವಾಟ್ ಶಕ್ತಿಯ ಸೌರಸ್ಥಾವರವನ್ನು ತೆರೆಯಿತು; ಫ್ರಾನ್ಸು ಜಪಾನುಗಳ ಸಂಸ್ಥೆಗಳು ಅದರಲ್ಲಿ ಪಾಲುಗೊಂಡವು. ಸ್ವದೇಶದಲ್ಲಿ ಉರಿಸದೆ ಉಳಿಸಿದ ಅನಿಲವು ಪರದೇಶಕ್ಕೆ ಮಾರಲು ಒದಗುತ್ತದೆ. ಇದು ವೈರಾಗ್ಯವಲ್ಲ, ಲೆಕ್ಕಾಚಾರ. ಪಾಪವೆನ್ನಲು ಕಾರಣವಿಲ್ಲದಂತೆಯೇ ಪುಣ್ಯವೆನ್ನಲೂ ಕಾರಣವಿಲ್ಲ.

ನಮ್ಮಲ್ಲಿಯೂ ಸಂಗತಿಯು ಬೇರೆಯಾಗಿಲ್ಲ. ಕೊಂಕಣದ ದಾಭೋಳದಿಂದ ಹೊರಟ ಅನಿಲದ ಕೊಳವೆಮಾರ್ಗವು 2013ರಲ್ಲಿ ಬೆಂಗಳೂರನ್ನು ಮುಟ್ಟಿತು. ಅದಕ್ಕೂ ಬಹಳ ಮೊದಲೇ, 1989ರಲ್ಲಿ, ಟಾಟಾ ಸಮೂಹವು ಬಿ.ಪಿ. ಎಂಬ ಬ್ರಿಟನ್ನಿನ ತೈಲಸಂಸ್ಥೆಯೊಡನೆ ಕೂಡಿ ಸೌರೋದ್ಯಮವೊಂದನ್ನು ಆರಂಭಿಸಿತ್ತು. ಅದರ ಕಾರ್ಖಾನೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆಗೊಂಡಿತು. ತೈಲದ ವ್ಯಾಪಾರಿಯೇ ಬಿಸಿಲಿನ ವ್ಯಾಪಾರಿಯಾದಾಗ ಬದಲಾದುದು ಸರಕು. ವ್ಯಾಪಾರಿಯ ಮನಸ್ಸೂ ಬದಲಾಯಿತೆಂದು ಹೇಳಲು ಯಾವ ಆಧಾರವಿದೆ?

ಪೀಣ್ಯದ ಒಂದು ಶೆಡ್ಡನ್ನು ನೋಡೋಣ. ಹತ್ತು ಸಾವಿರ ಚದರಡಿಯ ಚಾವಣಿಯ ಮೇಲೆ ಸುಮಾರು ನೂರು ಕಿಲೋವಾಟ್ ಫಲಕಗಳನ್ನು ಕೂರಿಸಬಹುದು. ಬೆಂಗಳೂರಿನ ಬಿಸಿಲಿಗೆ ಅವು ದಿನಕ್ಕೆ ಸರಾಸರಿ ನಾನೂರು ಯೂನಿಟ್ಟಿನಷ್ಟು ವಿದ್ಯುತ್ತನ್ನು ಕೊಡುತ್ತವೆ, ಇಪ್ಪತ್ತೈದು ವರ್ಷ ಬಾಳುತ್ತವೆ. ಗಾಜು ಕಾಯುವುದಕ್ಕೆ ಮುಂಚೆಯೇ, ಬೆಳ್ಳಂಬೆಳಗ್ಗೆ, ಒಬ್ಬಾಳು ಏಣಿ ಹತ್ತಿ, ಗ್ರೈಂಡಿಂಗಿನ ಕಬ್ಬಿಣದ ಪುಡಿಯೂ ರಸ್ತೆಯ ಧೂಳೂ ಸೇರಿ ಕಟ್ಟಿದ ಕೆಂಚು ಪೊರೆಯನ್ನು ನೀರುಹಾಕಿ ರಬ್ಬರಿನ ವೈಪರಿನಿಂದ ಎಳೆಯುತ್ತಾನೆ. ಶೀಟಿನ ಮೇಲೆ ಕಾಲಿಟ್ಟ ಕಡೆ ಅದು ಕಿರುಗುಟ್ಟುತ್ತದೆ. ಕೆಳಗೆ ಲೇತ್ ಯಂತ್ರವನ್ನು ನಡೆಸುವವನು ಅನೇಕ ಕಡೆ ಬಾಡಿಗೆದಾರ. ಚಾವಣಿ ಅವನದಲ್ಲ, ಆದ್ದರಿಂದ ಅವನು ಫಲಕ ಹಾಕುವಂತಿಲ್ಲ; ಕರೆಂಟು ಬಿಲ್ಲು ಶೆಡ್ಡಿನ ಮಾಲೀಕರು ಕಟ್ಟತಕ್ಕದ್ದಲ್ಲ, ಆದ್ದರಿಂದ ಅವರಿಗೆ ಹಾಕುವ ಆಸ್ಥೆಯಿಲ್ಲ. ಸೂರ್ಯನು ಇಬ್ಬರ ಮೇಲೂ ಒಂದೇ ಸಮನೆ ಬೆಳಗುತ್ತಾನೆ. ಫಲವು ಮಾತ್ರ ಸ್ವತ್ತಿನ ಪತ್ರವನ್ನು ಹಿಡಿದವನಲ್ಲಿಗೇ ಹೋಗುತ್ತದೆ. ಒಡೆತನವು ಅಳಿದಿಲ್ಲ, ನೆಲದ ಗರ್ಭದಿಂದ ಮೇಲೇರಿ ಚಾವಣಿಯಲ್ಲಿ ಕುಳಿತಿದೆ.

ಪಾವಗಡದಲ್ಲಿ ಇದೇ ತತ್ತ್ವವು ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಟ್ಟಿದೆ. ಬರಕ್ಕೆ ಒಗ್ಗಿಹೋದ ಆ ಸೀಮೆಯ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್ ಸೌರ ಉದ್ಯಾನವು ಎದ್ದಿತು. ರೈತರಿಂದ ಭೂಮಿಯನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಕಾಲಕಾಲಕ್ಕೆ ಏರುವಂತೆ ಗುತ್ತಿಗೆ ಗೊತ್ತುಮಾಡಿದ್ದು ಶ್ಲಾಘ್ಯವಾದ ಕ್ರಮವೇ ಸರಿ. ಆದರೆ ಹೊಲವಿದ್ದವನಿಗೆ ಬಾಡಿಗೆ ಬಂದಿತು. ಆ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವಳಿಗೂ, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಗುತ್ತಿಗೆಯ ಪತ್ರದಲ್ಲಿ ಸ್ಥಾನವಿರಲಿಲ್ಲ.

ಹಾಗಾದರೆ ಈ ವ್ಯಾಪಾರವೇ ತ್ಯಾಜ್ಯವೆ? ಅಲ್ಲ. ಬಿಸಿಲನ್ನು ಯಾರೂ ಮಾರುತ್ತಿಲ್ಲ. ಅದನ್ನು ವಿದ್ಯುತ್ತಾಗಿಸುವ ಸಿಲಿಕಾನು, ಇನ್ವರ್ಟರು, ಚೌಕಟ್ಟು, ಜೋಡಣೆ, ಪಾಲನೆಗಳನ್ನು ಮಾರುತ್ತಾರೆ. ಅದು ಕಾಯಕ, ಮತ್ತು ಕಾಯಕದ ಪ್ರತಿಫಲವು ನಿಂದ್ಯವಲ್ಲ. ಆದರೆ ಶರಣರು ಕಾಯಕವನ್ನು ಒಂಟಿಯಾಗಿ ಬಿಡದೆ ಅದರ ಪಕ್ಕದಲ್ಲಿ ದಾಸೋಹವನ್ನು ನಿಲ್ಲಿಸಿದರು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕೆ ಮೀರಿ ತಂದಾಗ, ಮಡದಿ ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದುಬರುವಂತೆ ಹೇಳಿದರೆಂಬ ಕಥೆ ನಮಗೆಲ್ಲ ಪರಿಚಿತವಾದುದು. ಆ ಅಕ್ಕಿಗೆ ಬೆಲೆ ಕೊಡಬೇಕಾಗಿರಲಿಲ್ಲ, ಅದನ್ನು ಯಾರಿಂದಲೂ ಕಸಿದದ್ದೂ ಅಲ್ಲ. ಆದರೂ ಮಿಗಿಲಾದುದನ್ನು ಇಟ್ಟುಕೊಳ್ಳಲು ಆ ತಾಯಿ ಒಪ್ಪಲಿಲ್ಲ. ಧರ್ಮದ ವಿಚಾರಣೆಯು ವಸ್ತು ಎಲ್ಲಿಂದ ಬಂತು ಎಂಬಲ್ಲಿಗೆ ಮುಗಿಯತಕ್ಕದ್ದಲ್ಲ. ಮಿಕ್ಕಿದ್ದು ಎಲ್ಲಿಗೆ ಹೋಯಿತು ಎಂಬುದನ್ನೂ ಅದು ಕೇಳುತ್ತದೆ.

ಲಾಭವಿಲ್ಲದೆ ಬಂಡವಾಳ ಹೂಡುವವರಾರು ಎಂಬ ಆಕ್ಷೇಪವು ನ್ಯಾಯವಾದುದೇ. ಅದಕ್ಕೆ ಉತ್ತರವೂ ಬೆಂಗಳೂರಿನಲ್ಲಿಯೇ ಇದೆ. 1995ರಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆಯು ದಾನಕ್ಕೆ ಕೈಚಾಚದೆ, ಬಡವರ ಸಂಪಾದನೆಯ ಕ್ರಮಕ್ಕೆ ಹೊಂದುವಂತೆ ಗ್ರಾಮೀಣ ಬ್ಯಾಂಕುಗಳಿಂದ ಸಾಲದ ಕಂತನ್ನು ಏರ್ಪಡಿಸಿ, ಸೌರದೀಪಗಳನ್ನು ಮಾರಿತು; ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ವ್ಯಾಪಾರವೂ ಹಂಚಿಕೆಯೂ ಪರಸ್ಪರ ವಿರುದ್ಧವಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಆದಕಾರಣ ಚಾವಣಿಯುಳ್ಳ ಉದ್ಯಮಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಫಲಕಗಳನ್ನು ಅವಶ್ಯವಾಗಿ ಹಾಕಿರಿ, ಲಾಭವನ್ನೂ ಪಡೆಯಿರಿ, ಉಳಿದ ಬಿಲ್ಲಿನಲ್ಲಿ ಬಾಡಿಗೆದಾರನಿಗೆ ಒಂದು ಪಾಲನ್ನೂ, ಮೇಲೆ ಹತ್ತುವ ಆಳಿಗೆ ನ್ಯಾಯವಾದ ಕೂಲಿಯನ್ನೂ ಸೊಂಟಕ್ಕೊಂದು ರಕ್ಷಣೆಯ ಬೆಲ್ಟನ್ನೂ ಮೊದಲ ವರ್ಷದ ಲೆಕ್ಕದಲ್ಲಿಯೇ ತೆಗೆದಿರಿಸಿರಿ. ಅಷ್ಟು ಮಾಡದ ಸೌರೋದ್ಯಮವು ಹೊಗೆಯಿಲ್ಲದ ಲೋಭವೇ ಹೊರತು ಧರ್ಮವಲ್ಲ.