ದಾಖಲೆ ಇಲ್ಲದ ಹಾಡು

ನಮ್ಮ ಎಮ್ಮಿಗನೂರಿನಲ್ಲಿ ಬರೆಯಲು ಬಾರದವರು ಅರ್ಜಿ ಹಿಡಿದು ಬರುವುದು ಟೀಚರ ಮನೆಗೆ. ಹಾಗೆಯೇ ಒಂದು ಸಂಜೆ ಸೋಬಾನೆ ಹಾಡುವ ಅಜ್ಜಿಯೊಬ್ಬರು ಬಂದರು. 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಮಾಸಾಶನಕ್ಕೆ ಅರ್ಜಿ ಬರೆಯಬೇಕಿತ್ತು.

ಹೆಸರು, ವಯಸ್ಸು, ವಿಳಾಸ ಸಲೀಸಾಗಿ ತುಂಬಿದೆ. ಕಲಾಸೇವೆಯ ದಾಖಲೆ ಎಂಬಲ್ಲಿ ಪೆನ್ನು ನಿಂತಿತು. ಪ್ರಮಾಣಪತ್ರ, ಫೋಟೊ, ಪತ್ರಿಕೆಯ ತುಣುಕು ಎಲ್ಲಿಂದ ತರುವುದು? ಅರಿಸಿನ ಹಚ್ಚುವಾಗ, ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹಾಡಿದವರಿಗೆ ಯಾರು ಪ್ರಮಾಣಪತ್ರ ಕೊಟ್ಟಾರು? ನಾವು ಕೊಟ್ಟದ್ದು ಎಲೆ ಅಡಿಕೆ, ಒಂದು ಕುಬಸದ ಕಣ.

ನಾಲ್ಕು ಕಾರ್ಯಕ್ರಮಗಳನ್ನು ನಾನೇ ಹುಟ್ಟಿಸಿ ಬರೆದುಬಿಡಲೇ ಎನ್ನಿಸಿತು. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಮಕ್ಕಳಿಗೆ ಜೂನ್ 1 ಎಂದು ಬರೆದು ಶಾಲೆಗೆ ಸೇರಿಸಿಕೊಂಡ ಕೈ ಇದು. ಹಾಡಿದ್ದಂತೂ ನಿಜ, ಕಾಗದವೊಂದು ಸುಳ್ಳಾದರೆ ಯಾರಿಗೇನು ನಷ್ಟ?

ಅಜ್ಜಿಗೆ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು, "ಬ್ಯಾಡ ಟೀಚರಮ್ಮ. ಹಾಡದ ಕಡಿಗೆ ಹಾಡೀನಿ ಅಂದ್ರ, ಹಾಡಿದ್ದೂ ಸುಳ್ಳಾಕ್ಕತಿ" ಎಂದರು.

ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಹೇಳಿದವಳು ನಾನು. ಉತ್ತರ ತೋಚಲಿಲ್ಲ.

ನಮ್ಮ ಸನಿಹದ ದರೋಜಿಯ ಈರಮ್ಮನವರು ನೆನಪಾದರು. ಅಕ್ಷರ ಬಾರದ ಆ ತಾಯಿ ಬುರ್ರಕಥೆಯ ಮಹಾಕಾವ್ಯಗಳನ್ನೇ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ವಿದ್ವಾಂಸರು ಕೂತು ಕೇಳಿ ಬರೆದುಕೊಂಡರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡಾಗ ನಾಡೇ ನೆನೆಯಿತು. ಆದರೆ ಮನೆಮನೆಗೂ ಕೇಳಿ ಬರೆದುಕೊಳ್ಳುವವರು ಬರುವುದಿಲ್ಲ. ಸರ್ಕಾರ ದಾಖಲೆ ಕೇಳುವುದನ್ನೂ ತಪ್ಪೆನ್ನಲಾರೆ. ಕೇಳದಿದ್ದರೆ ಹಾಡದವರೂ ಸಾಲಿನಲ್ಲಿ ನಿಲ್ಲುತ್ತಾರೆ. ನಾನು ಬರೆಯಹೊರಟ ಸುಳ್ಳಿನಂಥದೇ ಸುಳ್ಳು ಅವರ ಕೈಯಲ್ಲೂ ಇರುತ್ತದೆ.

ಮರುದಿನ ಅಜ್ಜಿಯ ಜೊತೆ ಓಣಿಯಲ್ಲಿ ಮನೆಮನೆಗೆ ಹೋದೆ. "ನನ್ನ ಮದುವೆಯಲ್ಲಿ ಇವರು ಸೋಬಾನೆ ಹಾಡಿದ್ದಾರೆ" ಎಂದು ಹನ್ನೊಂದು ಹೆಣ್ಣುಮಕ್ಕಳು ಬರೆದುಕೊಟ್ಟರು. ಇಬ್ಬರದು ಹೆಬ್ಬೆಟ್ಟು. ಒಬ್ಬಾಕೆಯ ಬಳಿ ಹಳೆಯ ಮದುವೆ ಫೋಟೊ ಸಿಕ್ಕಿತು. ಮದುಮಗಳ ಹಿಂದೆ, ಬಾಯಿ ತೆರೆದು ಹಾಡುತ್ತ, ಅರ್ಧ ಮುಖದ ಅಜ್ಜಿ.

ಎಲ್ಲವನ್ನೂ ಅರ್ಜಿಗೆ ಲಗತ್ತಿಸಿದ್ದೇನೆ. ಕಚೇರಿ ಒಪ್ಪುತ್ತದೋ ಇಲ್ಲವೋ, ಇನ್ನೂ ತಿಳಿದಿಲ್ಲ. ಆದರೆ ಒಂದು ಮಾತು ಮನಸ್ಸಿನಲ್ಲಿ ಕೂತಿದೆ. ದಾಖಲೆ ಇಲ್ಲದ್ದು ಅಜ್ಜಿಯ ಕೊರತೆಯಲ್ಲ. ಆ ಹಾಡಿನ ನೆರಳಲ್ಲಿ ಹಸೆಮಣೆ ಏರಿದ ನಾವು ಸಾಕ್ಷಿ ಹೇಳುವುದನ್ನು ಮರೆತಿದ್ದೆವು. ನನ್ನ ಮದುವೆಯಲ್ಲಿ ಹಾಡಿದವರು ಯಾರೆಂದು ಆ ರಾತ್ರಿ ನೆನೆಯಲು ಕೂತೆ. ಒಂದು ಹೆಸರೂ ನೆನಪಾಗಲಿಲ್ಲ.