ಯಾವೂರೆಂಬ ಪ್ರಶ್ನೆ

ಅಪರಿಚಿತನನ್ನು ಕಂಡೊಡನೆ ‘ಯಾವೂರಾಯಿತು ತಮ್ಮದು?’ ಎಂದು ಕೇಳುವುದು ನಮ್ಮ ಸೀಮೆಯ ಸೌಜನ್ಯ. ಹುಣಸೂರಿನ ಸಂತೆಯಲ್ಲಾಗಲಿ, ಕೃಷ್ಣರಾಜನಗರದ ರೈಲು ನಿಲ್ದಾಣದಲ್ಲಾಗಲಿ, ಮಾತು ಮೊದಲಾಗುವುದೇ ಅಲ್ಲಿಂದ. ಆದರೆ ಈ ಕುಶಲಪ್ರಶ್ನೆಯೇ ಕೆಲವರ ಕಿವಿಗೆ ವಿಚಾರಣೆಯಂತೆ ಕೇಳಿಸುವುದುಂಟು. ಏಕೆಂಬುದು ವಿಚಾರಾರ್ಹವಾಗಿದೆ.

ನಮ್ಮ ತಾಲ್ಲೂಕುಗಳ ಮಕ್ಕಳು ಉನ್ನತ ವ್ಯಾಸಂಗಕ್ಕೆ ಮೈಸೂರಿಗೆ ಹೋಗುವರಷ್ಟೆ. ಅಲ್ಲಿ ನಾನಾ ಪ್ರಾಂತಗಳ ಸಹಪಾಠಿಗಳ ನಡುವೆ ತಮ್ಮ ಪರಿಚಯ ಹೇಳಬೇಕಾಗಿ ಬಂದ ಪ್ರಸಂಗವನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದಾಗ ತಿಳಿಸಿದರು. ಟಿಬೆಟ್ ಮೂಲದ ಹುಡುಗಿಯೊಬ್ಬಳು ‘ಬೈಲಕುಪ್ಪೆ’ ಎಂದಳಂತೆ. ‘ಅದಿರಲಿ, ನಿಜವಾದ ಊರು?’ ಎಂದು ಮರುಪ್ರಶ್ನೆ ಬಂದಿತು. ಅವಳ ತಂದೆ ಹುಟ್ಟಿದ್ದೂ ಬೈಲಕುಪ್ಪೆಯಲ್ಲಿಯೇ. ಹೆಗ್ಗಡದೇವನಕೋಟೆಯ ಜೇನುಕುರುಬರ ಹುಡುಗನ ಸರದಿ ಬಂದಾಗ ಅವನು, ‘ನಮ್ಮ ಹಾಡಿ ಈಗ ಅಲ್ಲಿಲ್ಲ’ ಎಂದು ಕುಳಿತುಬಿಟ್ಟನಂತೆ.

ಒಬ್ಬಳು ದೂರದಿಂದ ಬಂದವರ ಮೊಮ್ಮಗಳು. ಇನ್ನೊಬ್ಬನು ಎಲ್ಲಿಂದಲೂ ಬಾರದವರ ಮೊಮ್ಮಗ. ಆದರೂ ಊರಿನ ಹೆಸರು ಹೇಳಲು ಇಬ್ಬರಿಗೂ ತೊಡಕು.

1959ರಲ್ಲಿ ಟಿಬೆಟ್ಟಿನಿಂದ ನಿರಾಶ್ರಿತರು ಬಂದಾಗ, ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಭೂಮಿಯನ್ನಿತ್ತಿತು. ಹಿಮದ ನಾಡಿನವರು ಈ ಸೆಕೆಯಲ್ಲಿ ಕಾಡು ಸವರಿ ಮುಸುಕಿನ ಜೋಳ ಬೆಳೆದರು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಜನಿಸಿದವರು ಜನ್ಮದಿಂದಲೇ ಪೌರರೆಂದು ಕಾನೂನು ಹೇಳುತ್ತದೆ. ಟಿಬೆಟ್ಟಿಗರಿಗೂ ಇದು ಸಲ್ಲುತ್ತದೆಂದು ನಮ್ಮ ಉಚ್ಚ ನ್ಯಾಯಾಲಯವು 2013ರಲ್ಲಿ ಎತ್ತಿಹಿಡಿಯಿತು. ನ್ಯಾಯಾಲಯ ಒಪ್ಪಿದ್ದನ್ನು ನಮ್ಮ ನಾಲಗೆ ಇನ್ನೂ ಒಪ್ಪಿದಂತಿಲ್ಲ.

ಕಾಯಕದಿಂದಲೇ ಮನುಷ್ಯನು ನೆಲಕ್ಕೆ ಸಲ್ಲುತ್ತಾನೆಂದು ನಾವು ಸುಲಭವಾಗಿ ಹೇಳಿಬಿಡಬಹುದು. ಬೈಲಕುಪ್ಪೆಯ ಮಟ್ಟಿಗೆ ಅದು ಒಪ್ಪತಕ್ಕ ಮಾತೇ. ಆದರೆ ಆ ಹುಡುಗನ ಮುಂದೆ ಈ ಮಾತು ನಿಲ್ಲದು. ಜೇನು ಕೀಳುವುದು, ಗೆಡ್ಡೆಗೆಣಸು ಅಗೆಯುವುದು ಅವನ ಹಿರಿಯರ ಕಾಯಕವಾಗಿತ್ತು. 1974ರಲ್ಲಿ ಕಬಿನಿ ಅಣೆಕಟ್ಟು ಸಿದ್ಧವಾಗಿ ಹಳ್ಳಿಗಳು ಮುಳುಗಿದವು. ನಾಗರಹೊಳೆಯು ರಾಷ್ಟ್ರೀಯ ಉದ್ಯಾನವಾದ ಬಳಿಕ ಎಷ್ಟೋ ಹಾಡಿಗಳ ಜನ ಹೊರಗೆ, ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಕಡೆ ನೆಲೆಸಬೇಕಾಯಿತು. ಕಾಯಕವನ್ನೇ ಕಳೆದುಕೊಂಡವನಿಗೆ ಕಾಯಕದ ಮಹಿಮೆಯನ್ನು ಬೋಧಿಸುವುದು ಹಸಿದವನಿಗೆ ಉಪವಾಸದ ಫಲ ಹೇಳಿದಂತೆ.

ಕಲ್ಯಾಣವೂ ಬಂದವರಿಂದಲೇ ತುಂಬಿದ ನಗರವಾಗಿತ್ತೆಂಬುದನ್ನು ಸದ್ಭಕ್ತರು ನೆನೆಯಬೇಕು. ಅಣ್ಣನವರು ಬಾಗೇವಾಡಿಯವರು, ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕ ಉಡುತಡಿಯವಳು. ಕಾಶ್ಮೀರದ ಅರಸುತನ ತೊರೆದು ಬಂದನೆಂದು ಪ್ರತೀತಿಯಿರುವ ಮೋಳಿಗೆಯ ಮಾರಯ್ಯನು ಅಲ್ಲಿ ಸೌದೆಹೊರೆ ಮಾರಿ ಬದುಕಿದನು. ಬಂದವನನ್ನು ಯಾರವನೆಂದು ಬೇರ್ಪಡಿಸದೆ ನಮ್ಮವನೆಂದೆಣಿಸಬೇಕೆಂಬುದು ಬಸವಣ್ಣನವರ ಬೋಧೆ. ಸಭೆಗಳಲ್ಲಿ ನಾವು ಇದನ್ನು ಹಾಡುತ್ತಲೇ ಇದ್ದೇವೆ. ಆದರೆ ನಮ್ಮವನೆನ್ನುವುದರೊಳಗೂ ಒಂದು ಅಹಂಕಾರ ಅಡಗಿರಬಲ್ಲುದು: ಮನೆ ನನ್ನದು, ಒಳಗೆ ಬಾ ಎಂಬ ಒಡೆತನ. ಭೂಮಿಯು ಶಿವನದೆಂದು ನಂಬಿ ದಾಸೋಹಂಭಾವದಲ್ಲಿ ನಿಂತವನಿಗೆ ಈ ಒಡೆತನ ಎಲ್ಲಿಂದ ಬರಬೇಕು? ಆಶ್ರಯವಿತ್ತೆವೆಂದು ಟಿಬೆಟ್ಟಿಗರ ಮುಂದೆ ಬೀಗುವ ನಾವು, ಕಾಡಿನ ಮಕ್ಕಳ ನೆಲದಲ್ಲಿ ಯಾರ ಅಪ್ಪಣೆ ಪಡೆದು ಕುಳಿತಿದ್ದೇವೆ?

ಭೂಮಿ ಸಾಲದು, ಬಂದವರಿಗೆಲ್ಲ ಎಲ್ಲಿಂದ ತರುವುದೆಂದು ಗೃಹಸ್ಥರು ಕೇಳಬಹುದು. ಅದು ನ್ಯಾಯವಾದ ಚಿಂತೆಯೇ. ಪಾಲು ಪಾರಿಖತ್ತುಗಳಲ್ಲಿ ತೀರ್ಮಾನವಾಗತಕ್ಕದ್ದು. ನಾನು ಹೇಳುತ್ತಿರುವುದು ಅದಕ್ಕೆ ಹಿಂದಿನ ಮಾತು. ಆ ಹುಡುಗನ ಅಜ್ಜಿ ಕಾಡೊಳಗಿನ ತಮ್ಮ ದೇವರಿಗೆ ನಡೆದುಕೊಳ್ಳಬೇಕಾದರೆ ಇಂದಿಗೂ ಅನುಮತಿ ಬೇಡಿ ಹೋಗುತ್ತಾಳಂತೆ. ಅಲ್ಲಿ ಬಾಗಿಲು ಕಾಯುವವನು ಅವಳನ್ನು ಕೇಳುವ ಮೊದಲ ಮಾತೂ ‘ಯಾವೂರು?’ ಎಂಬುದೇ ಅಂತೆ.