ಸೋಮವಾರದ ಸಂಜೆಯ ವ್ರತ

1964ನೆಯ ಇಸವಿಯ ಮೇ 27ರಂದು ಜವಾಹರಲಾಲ್ ನೆಹರೂ ಅವರು ಕಾಲವಶರಾಗಿ, ಜೂನ್ 9ರಂದು ಲಾಲ್ ಬಹಾದುರ್ ಶಾಸ್ತ್ರಿಗಳು ಪ್ರಧಾನಮಂತ್ರಿಗಳಾಗಿ ಪ್ರಮಾಣವಚನವನ್ನು ಸ್ವೀಕರಿಸಿದಾಗ, ಅವರ ಮುಂದೆ ರಾಶಿಬಿದ್ದಿದ್ದ ರಾಜ್ಯಕಾರ್ಯಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದೋ ಎಲ್ಲಕ್ಕಿಂತ ಬೇಗ ಆಗಬೇಕಾದುದೂ ಅದೇ ಆಗಿತ್ತು. ಅದು ಅನ್ನದ ಕಾರ್ಯ. ಸ್ವಾತಂತ್ರ್ಯ ಬಂದು ಹದಿನೇಳು ವರ್ಷಗಳು ತುಂಬುತ್ತ ಬಂದಿದ್ದರೂ, ಅಮೆರಿಕದ ಗೋಧಿಯನ್ನು ಹೊತ್ತ ಹಡಗು ಹೊತ್ತಿಗೆ ಸರಿಯಾಗಿ ಬಂದರನ್ನು ಮುಟ್ಟಿದರೆ ಪಟ್ಟಣದ ಬಡವನ ಒಲೆ ಉರಿಯುವುದು, ತಡವಾದರೆ ಪಡಿತರದ ಅಂಗಡಿಯ ಮುಂದಿನ ಸಾಲು ಉದ್ದವಾಗುವುದು ಎಂಬ ಪರಾಧೀನತೆ ತಪ್ಪಿರಲಿಲ್ಲ.

ಹೊಸ ಪ್ರಧಾನಿಯ ಆಂತರಿಕ ನೀತಿಯೆಲ್ಲ ಈ ಒಂದು ಚಿಂತೆಯ ಸುತ್ತ ಹೆಣೆದುಕೊಂಡಿತೆಂದರೆ ಅತಿಶಯವಾಗಲಾರದು. ನೆಹರೂ ಸಂಪುಟದಲ್ಲಿ ಉಕ್ಕಿನ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಸಿ. ಸುಬ್ರಹ್ಮಣ್ಯಂ ಅವರನ್ನು ಅವರು ಆಹಾರ ಮತ್ತು ವ್ಯವಸಾಯದ ಖಾತೆಗೆ ತಂದರು. ಉಕ್ಕಿನಿಂದ ಅಕ್ಕಿಗೆ ಬಂದ ಈ ವರ್ಗಾವಣೆಯಲ್ಲಿಯೇ ನೀತಿಯ ಮುಖ ಯಾವ ದಿಕ್ಕಿಗೆ ತಿರುಗಿತೆಂಬುದು ವ್ಯಕ್ತವಾಗುತ್ತಿತ್ತು. 1965ರ ಜನವರಿಯಲ್ಲಿ, ಬೆಳೆದವನಿಗೆ ನ್ಯಾಯವಾದ ಬೆಲೆಯನ್ನು ಸೂಚಿಸಲು ವ್ಯವಸಾಯ ಬೆಲೆ ಆಯೋಗವೂ, ಧಾನ್ಯವನ್ನು ಕೊಂಡು ಕೂಡಿಟ್ಟು ಹಂಚಲು ಆಹಾರ ನಿಗಮವೂ ಹುಟ್ಟಿದವು. 1964ರ ಅಕ್ಟೋಬರಿನಲ್ಲಿ ಗುಜರಾತಿನ ಆಣಂದಕ್ಕೆ ಹೋದ ಶಾಸ್ತ್ರಿಗಳು, ಆ ಸೀಮೆಯ ಹಳ್ಳಿಯೊಂದರಲ್ಲಿ ರಾತ್ರಿಯನ್ನು ಕಳೆದು, ಹಾಲು ಕರೆಯುವವರೇ ಒಡೆಯರಾಗಿದ್ದ ಸಹಕಾರ ಸಂಘದ ಸ್ವರೂಪವನ್ನು ಅವರ ಬಾಯಿಂದಲೇ ಕೇಳಿ ತಿಳಿದು ಬಂದರು. ಮರುವರ್ಷ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸ್ಥಾಪಿತವಾಯಿತು. ಗಿಡ್ಡ ಕಾಂಡದ ಮೆಕ್ಸಿಕೋ ಗೋಧಿಯ ಬೀಜಗಳನ್ನು ತರಿಸುವ ಸಾಹಸಕ್ಕೂ ಆಗಲೇ ಅಂಕುರಾರ್ಪಣವಾಯಿತು. ಇವೆಲ್ಲ ರಾಜ್ಯವು ತನ್ನ ಬೊಕ್ಕಸದಿಂದ, ತನ್ನ ಅಧಿಕಾರಿಗಳ ಮೂಲಕ ಮಾಡಬಲ್ಲ ಕೆಲಸಗಳು; ಆದಕಾರಣ ಇವುಗಳಲ್ಲಿ ಅರ್ಥಶಾಸ್ತ್ರಜ್ಞನಿಗೆ ಚರ್ಚೆಗೆ ಎಡೆಯುಂಟೇ ಹೊರತು ಧರ್ಮಜಿಜ್ಞಾಸುವಿಗೆ ಅಷ್ಟಾಗಿ ಇಲ್ಲ.

ಜಿಜ್ಞಾಸೆ ಪ್ರಾರಂಭವಾಗುವುದು ಬೇರೊಂದು ಪ್ರಸಂಗದಿಂದ. 1965ರಲ್ಲಿ ಒಂದು ಕಡೆ ಮಳೆ ಕೈಕೊಟ್ಟು, ಇನ್ನೊಂದು ಕಡೆ ಪಾಕಿಸ್ತಾನದೊಡನೆ ಯುದ್ಧ ಒದಗಿದಾಗ, ಶಾಸ್ತ್ರಿಗಳು ದೇಶದ ಜನರನ್ನು ಒಂದು ಮಾತು ಕೇಳಿದರು: ವಾರಕ್ಕೊಮ್ಮೆ, ಸೋಮವಾರದ ಸಂಜೆ, ಒಂದು ಹೊತ್ತಿನ ಊಟವನ್ನು ಬಿಡಿ. ಅನೇಕ ಮನೆಗಳಲ್ಲಿ ಅಂದು ಸಂಜೆ ಒಲೆ ಹಚ್ಚಲಿಲ್ಲ. ಅನೇಕ ಊರುಗಳ ಹೋಟೆಲುಗಳು ಬಾಗಿಲೆಳೆದವು. ಅದಕ್ಕೆ ಶಾಸ್ತ್ರಿವ್ರತವೆಂಬ ಹೆಸರೂ ಬಂತು. ಸೋಮವಾರವೆಂದರೆ ನಮ್ಮ ಜನಕ್ಕೆ ಮೊದಲೇ ಶಿವನ ವಾರ. ಕಾರ್ತಿಕದ ಸೋಮವಾರಗಳಲ್ಲಿ ಹಗಲನ್ನು ನಿರಾಹಾರದಿಂದ ಕಳೆದು, ದೀಪ ಹಚ್ಚಿ ಪೂಜೆ ಮುಗಿಸಿದ ಮೇಲೆ ರಾತ್ರಿ ಉಣ್ಣುವ ನಕ್ತವ್ರತ ಇಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಶಿವನಿಗೆ ಹಗಲಿನ ಊಟವನ್ನೂ ದೇಶಕ್ಕೆ ರಾತ್ರಿಯ ಊಟವನ್ನೂ ಒಪ್ಪಿಸಿದ ಭಕ್ತರೂ ಆಗ ಕೆಲವರು ಇದ್ದಿರಬೇಕು. ಇಷ್ಟು ಸಹಜವಾಗಿ ಜನಜೀವನದಲ್ಲಿ ಸೇರಿಹೋಯಿತೆಂಬ ಕಾರಣದಿಂದಲೇ, ಅದರೊಳಗಿನ ಪ್ರಶ್ನೆ ಯಾರ ಕಣ್ಣಿಗೂ ಬೀಳದೆ ಹೋಗುವ ಸಂಭವವುಂಟು. ಉಪವಾಸವು ಜೀವನಿಗೂ ಅವನ ದೈವಕ್ಕೂ ನಡುವಣ ವ್ಯವಹಾರ. ಅದನ್ನು ಕೇಳಲು ರಾಜ್ಯಕ್ಕೆ ಅಧಿಕಾರವೆಲ್ಲಿಯದು?

ವ್ರತಕ್ಕೆ ಪ್ರಾಣಸ್ಥಾನವು ಸಂಕಲ್ಪ. ಕೈಯಲ್ಲಿ ನೀರು ಹಿಡಿದು, ತಾನು ಯಾರು, ಯಾವ ದೇಶಕಾಲದಲ್ಲಿ ನಿಂತಿರುವೆನು, ಏತಕ್ಕಾಗಿ ಇದನ್ನು ಕೈಕೊಳ್ಳುವೆನು ಎಂದು ತನ್ನ ಬಾಯಿಂದ ತಾನೇ ಹೇಳಿಕೊಂಡ ಹೊರತು ವ್ರತವು ವ್ರತವಾಗದು. ಇನ್ನೊಬ್ಬನ ಮೇಲೆ ಆಜ್ಞೆ ಮಾಡಿ ಹೊರಿಸಿದ ಉಪವಾಸಕ್ಕೆ ದಂಡನೆಯೆಂದು ಹೆಸರು. ಸೆರೆಮನೆಯಲ್ಲಿ ಅನ್ನ ತಪ್ಪಿಸುವುದೂ ಏಕಾದಶಿಯೂ ಹೊಟ್ಟೆಯ ಮಟ್ಟಿಗೆ ಒಂದೇ ಆದರೂ ಆತ್ಮದ ಮಟ್ಟಿಗೆ ಒಂದಲ್ಲ. ಧರ್ಮಶಾಸ್ತ್ರಕಾರರು ಈ ಸೂಕ್ಷ್ಮವನ್ನು ಬಲ್ಲವರಾದ್ದರಿಂದಲೇ, ವ್ರತವನ್ನು ಅಷ್ಟು ಕೊಂಡಾಡಿದವರು, ನೀರು, ಹಣ್ಣು, ಹಾಲು, ಔಷಧಗಳಿಂದ ಅದಕ್ಕೆ ಭಂಗವಿಲ್ಲವೆಂದು ವಿಧಿಸಿ, ಮನುಷ್ಯನ ದೇಹಸ್ಥಿತಿಗೆ ಒಂದು ಕಿಂಡಿಯನ್ನು ತೆರೆದಿಟ್ಟರು. ಕಾನೂನಿಗೆ ಆ ದಾಕ್ಷಿಣ್ಯ ಬರುವುದು ಕಷ್ಟ. ಪಡಿತರದ ಅಳತೆ ಕಾನೂನಿನದು. ಅದನ್ನು ಮೀರಿದವನಿಗೆ ಶಿಕ್ಷೆಯುಂಟು. ಸೋಮವಾರದ ಊಟಕ್ಕೆ ಶಾಸ್ತ್ರಿಗಳು ಕಾನೂನನ್ನು ಕರೆಯಲಿಲ್ಲ, ಕೇಳಿದರು, ಅಷ್ಟೆ. ಕೇಳುವುದಕ್ಕೂ ವಿಧಿಸುವುದಕ್ಕೂ ಇರುವ ಅಂತರವನ್ನು ಉಳಿಸಿಕೊಂಡದ್ದರಿಂದಲೇ ಅದು ವ್ರತವೆನಿಸಿಕೊಳ್ಳುವ ಯೋಗ್ಯತೆಯನ್ನು ಪಡೆಯಿತು.

ಆದರೆ ಕೇಳುವುದು ಕೂಡ ಸುಲಭದ ಅಧಿಕಾರವಲ್ಲ. ಉಣ್ಣಲು ಇದ್ದವನು ಮಾತ್ರ ಊಟವನ್ನು ಬಿಡಬಲ್ಲನು. ಸೋಮವಾರ ಮಾತ್ರವೇಕೆ, ಮಂಗಳವಾರವೂ ಬುಧವಾರವೂ ರಾತ್ರಿ ಗಂಜಿನೀರಿಗೇ ತೃಪ್ತಿಪಡುವ ಕೂಲಿಯವನ ಮುಂದೆ ಉಪವಾಸದ ಮಹಿಮೆಯನ್ನು ವರ್ಣಿಸುವುದು ಅವನ ಹಸಿವಿಗೆ ಅವಮಾನವನ್ನೂ ಸೇರಿಸಿದಂತೆ. ಆದ್ದರಿಂದ ಆ ಕರೆ, ಶಬ್ದಾರ್ಥದಲ್ಲಿ ದೇಶಕ್ಕೆಲ್ಲ ಹೊರಟದ್ದಾದರೂ, ಭಾವಾರ್ಥದಲ್ಲಿ ಉಂಡವರ ಮನೆಬಾಗಿಲಿಗೆ ಮಾತ್ರ ತಲುಪಬೇಕಾದುದು. ಇನ್ನು ಆ ಉಂಡವರಲ್ಲಿಯಾದರೂ, ಏಕಾದಶಿಯ ಅವಲಕ್ಕಿ ಉಪ್ಪಿಟ್ಟುಗಳ ಫಲಾಹಾರವು ದಶಮಿಯ ಊಟವನ್ನು ಮೀರಿಸುವ ಮನೆಗಳನ್ನು ಕಂಡವರಿಗೆ, ಬಿಟ್ಟ ಊಟದಿಂದ ಉಳಿದ ಧಾನ್ಯದ ಲೆಕ್ಕದಲ್ಲಿ ಹೆಚ್ಚು ನಂಬಿಕೆ ಹುಟ್ಟಲಾರದು. ಕಣಜದ ಲೆಕ್ಕಕ್ಕೆ ಆ ವ್ರತ ಅಲ್ಪವೇ ಸರಿ. ಅದರ ಫಲವನ್ನು ಹುಡುಕಬೇಕಾದ ಸ್ಥಳ ಬೇರೆ: ತನ್ನ ತಟ್ಟೆಗೂ ಕಾಣದ ಊರಿನ ಕಾಣದ ಮನುಷ್ಯನ ತಟ್ಟೆಗೂ ನಂಟುಂಟೆಂಬ ಅರಿವು, ವಾರಕ್ಕೊಮ್ಮೆ, ಪುಸ್ತಕದಿಂದಲ್ಲದೆ ಹೊಟ್ಟೆಯಿಂದಲೇ ಹುಟ್ಟಿದ್ದು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸಬೇಕು. ರಾಜ್ಯವು ತನ್ನ ಅಸಾಮರ್ಥ್ಯವನ್ನು ಪ್ರಜೆಗಳ ಪುಣ್ಯವಾಗಿ ಮಾರ್ಪಡಿಸಿ ತೋರಿಸಿದರೆ, ಅದಕ್ಕಿಂತ ಅಪಾಯಕರವಾದ ಮಾಯೆ ಇನ್ನೊಂದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದುರ್ಭಿಕ್ಷ ಬಂದಾಗ ಅರಸನು ಮಾಡತಕ್ಕ ಕಾರ್ಯಗಳ ಪಟ್ಟಿಯೊಂದಿದೆ. ಬೀಜವನ್ನೂ ಆಹಾರವನ್ನೂ ಕೊಟ್ಟು ಪ್ರಜೆಗಳನ್ನು ಅನುಗ್ರಹಿಸಬೇಕು; ಕೋಟೆ ನೀರುಕಟ್ಟೆಗಳ ಕೆಲಸವನ್ನು ತೆಗೆದು ಅನ್ನವನ್ನು ಒದಗಿಸಬೇಕು; ಇರುವುದನ್ನು ಹಂಚಬೇಕು; ಮಿತ್ರರಾಜರ ನೆರವನ್ನು ಪಡೆಯಬೇಕು; ಕೂಡಿಟ್ಟವರಿಂದ ಕಕ್ಕಿಸಲೂಬಹುದು. ಹಸಿದ ಪ್ರಜೆಗಳಿಗೆ ತಾಳ್ಮೆಯನ್ನು ಉಪದೇಶಿಸಬೇಕೆಂಬ ಮಾತು ಆ ಪಟ್ಟಿಯಲ್ಲಿಲ್ಲ. ಕರುಣೆಗೆ ಹೆಸರಾಗದ ಕೌಟಿಲ್ಯನೇ ರಾಜನ ಹೊಣೆಯನ್ನು ಇಷ್ಟು ನಿಷ್ಠುರವಾಗಿ ಎಣಿಸಿರುವಾಗ, ಪ್ರಜಾರಾಜ್ಯದ ಮಂತ್ರಿಗೆ ಅದರಿಂದ ಬಿಡುಗಡೆ ಇರಲಾರದು.

ತ್ಯಾಗವನ್ನು ಕೇಳುವವನ ಯೋಗ್ಯತೆಗೆ ಆದಕಾರಣ ಎರಡು ಪರೀಕ್ಷೆಗಳುಂಟು. ಕೇಳಿದ್ದನ್ನು ಅವನು ಮೊದಲು ತನ್ನ ಮನೆಯಲ್ಲಿ ನಡೆಸಿದನೇ ಎಂಬುದು ಒಂದನೆಯದು. ಶಾಸ್ತ್ರಿಗಳು ಆ ಉಪವಾಸವನ್ನು ತಮ್ಮ ಸಂಸಾರದಲ್ಲಿ ಮೊದಲು ಪ್ರಯೋಗಿಸಿ ನೋಡಿದರೆಂದು ಹೇಳುವುದುಂಟು. ಅದಿರಲಿ, 1956ರಲ್ಲಿ ಅರಿಯಲೂರಿನ ರೈಲು ಅಪಘಾತವಾದಾಗ, ತಾವು ಕೈಯಾರೆ ಮಾಡದ ತಪ್ಪಿನ ಹೊಣೆಯನ್ನು ಹೊತ್ತು ಮಂತ್ರಿಪದವಿಯನ್ನು ಬಿಟ್ಟವರೆಂಬುದನ್ನು ಜನ ಮರೆತಿರಲಿಲ್ಲ. ಪದವಿಯನ್ನು ಬಿಟ್ಟವನು ಊಟವನ್ನು ಬಿಡಿರೆಂದರೆ ಕಿವಿಗೊಡುವವರಿರುತ್ತಾರೆ. ಎರಡನೆಯ ಪರೀಕ್ಷೆ ಇದಕ್ಕಿಂತ ಕಠಿನವಾದುದು: ಕೇಳಿದವನು ತನ್ನ ಪಾಲಿನ ರಾಜ್ಯಕಾರ್ಯವನ್ನು ಅದೇ ಹೊತ್ತಿನಲ್ಲಿ ಮಾಡುತ್ತಿದ್ದನೇ? ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತವನು ಸಾಧುವಾಗಬಹುದು, ಮಂತ್ರಿಯಾಗಲಾರನು.

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ ಅನ್ನದ ವಿಷಯಕ್ಕೆ ಕೆಲವು ವ್ರತಗಳು ಹೇಳಲ್ಪಟ್ಟಿವೆ. ಅನ್ನವನ್ನು ಹಳಿಯಬಾರದು, ಅನ್ನವನ್ನು ತಿರಸ್ಕರಿಸಬಾರದು, ಅನ್ನವನ್ನು ಬಹುವಾಗಿ ಬೆಳೆಯಿಸಬೇಕು, ಮನೆಗೆ ಬಂದವನನ್ನು ಹಿಂದಕ್ಕೆ ಕಳುಹಬಾರದು. ವ್ರತವೆಂದೊಡನೆ ಬಿಡುವುದನ್ನೇ ನೆನೆಯುವ ನಮಗೆ, ಬೆಳೆಯುವುದನ್ನೂ ಋಷಿಯು ವ್ರತವೆಂದು ಕರೆದದ್ದು ಆಶ್ಚರ್ಯವೆನಿಸಬೇಕು. ನೇಗಿಲು ಹಿಡಿದವನು ಆ ದೃಷ್ಟಿಯಲ್ಲಿ ವ್ರತಿಯೇ. ಕಲ್ಯಾಣದ ಶರಣರು ಕಾಯಕವನ್ನೂ ದಾಸೋಹವನ್ನೂ ಒಂದರಿಂದೊಂದು ಅಗಲದಂತೆ ಕಟ್ಟಿದುದರಲ್ಲಿಯೂ ಇದೇ ಅರಿವು ಮೈದೋರಿದೆ: ದುಡಿಯದವನ ದಾನ ಬರಿಯ ಮಾತು, ಹಂಚದವನ ದುಡಿಮೆ ಬರಿಯ ಲೋಭ. ಶಾಸ್ತ್ರಿಗಳ ನೀತಿಯನ್ನು ಈ ಬೆಳಕಿನಲ್ಲಿ ಕಂಡರೆ, ಬೆಲೆ ಆಯೋಗವೂ ಬೀಜದ ಚೀಲವೂ ಒಂದು ಪಕ್ಕಕ್ಕೆ, ಸೋಮವಾರದ ಸಂಜೆ ಇನ್ನೊಂದು ಪಕ್ಕಕ್ಕೆ ಬೇರೆ ಬೇರೆಯಾಗಿ ನಿಲ್ಲುವುದಿಲ್ಲ. ಬೆಳೆಯುವುದು ಮತ್ತು ಬಿಡುವುದು ಒಂದೇ ವ್ರತದ ಎರಡು ಅಂಗಗಳಾಗುತ್ತವೆ. ಸೈನಿಕನ ಜಯಕಾರದೊಡನೆ ರೈತನ ಜಯಕಾರವನ್ನೂ ಅವರು ಜೋಡಿಸಿದುದು ಕೇವಲ ಪ್ರಾಸದ ಚಾತುರ್ಯವಾಗಿರಲಿಲ್ಲ.

ಫಲವನ್ನು ಕಾಣಲು ಅವರು ಉಳಿಯಲಿಲ್ಲ. 1964-65ರಲ್ಲಿ ಸುಮಾರು 8.9 ಕೋಟಿ ಟನ್ನಿದ್ದ ದೇಶದ ಧಾನ್ಯ, ಬರ ಬಿದ್ದ ಮರುವರ್ಷ ಸುಮಾರು 7.2 ಕೋಟಿಗೆ ಇಳಿಯಿತು. ಆ ಬರದ ನಡುವೆಯೇ, 1966ರ ಜನವರಿ 11ರಂದು, ತಾಷ್ಕೆಂಟಿನಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಅವರ ಕಾಲದಲ್ಲಿ ಬಿತ್ತಿದ ನೀತಿ 1967-68ರಲ್ಲಿ ತೆನೆಗೊಂಡು, ಧಾನ್ಯರಾಶಿ ಸುಮಾರು 9.5 ಕೋಟಿ ಟನ್ನನ್ನು ಮುಟ್ಟಿತು. ಪ್ರಧಾನಿಯಾಗುವುದಕ್ಕೆ ಕೆಲವೇ ದಿನಗಳ ಮುಂಚೆ, 1964ರ ಮೇ 22ರಂದು, ಅವರು ಕೃಷ್ಣೆಯ ದಡದ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದ್ದರು. ಅಲ್ಲಿ ನಿಂತ ನೀರಿಗೆ ಇಂದು ಅವರ ಹೆಸರಿದೆ.

ಹಡಗಿನ ದಾರಿ ಕಾಯುವುದು ತಪ್ಪಿತು. ಸೋಮವಾರದ ಸಂಜೆ ಹೋಟೆಲುಗಳ ಬಾಗಿಲು ತೆರೆದವು. ಜನ ಆ ವ್ರತವನ್ನು ಸದ್ದಿಲ್ಲದೆ ಬಿಟ್ಟರು. ಆದರೆ ನಮ್ಮ ಸಂಪ್ರದಾಯದಲ್ಲಿ ಹಿಡಿದ ವ್ರತವನ್ನು ಸುಮ್ಮನೆ ಬಿಡುವಂತಿಲ್ಲ. ಅದಕ್ಕೆ ಉದ್ಯಾಪನೆಯಾಗಬೇಕು, ಉದ್ಯಾಪನೆಯೆಂದರೆ ಪರರನ್ನು ಕರೆದು ಊಟಕ್ಕಿಕ್ಕಬೇಕು. ದೇಶವು ಆ ಸಾಲವನ್ನು ಬಹುಕಾಲ ಉಳಿಸಿಕೊಂಡಿತ್ತು. 2013ರಲ್ಲಿ ಸಂಸತ್ತು ಆಹಾರಭದ್ರತೆಯ ಕಾಯಿದೆಯನ್ನು ಮಾಡಿ ಬಡವನ ಧಾನ್ಯವನ್ನು ಅವನ ಹಕ್ಕೆಂದು ಬರೆದಾಗ, ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಪ್ರಾರಂಭವಾದಾಗ, ರಾಜ್ಯವು ತನ್ನ ಪಾಲಿನ ಉದ್ಯಾಪನೆಗೆ ಎಲೆ ಹಾಕಿತೆನ್ನಬಹುದು. ಆ ಎಲೆಗೆ ಬಡಿಸಿದುದನ್ನು ಕಂಡು, ಬಿಟ್ಟಿ ಅಕ್ಕಿ ತಿಂದು ಜನ ಸೋಮಾರಿಗಳಾದರೆಂದು ಉಂಡ ಬಾಯಲ್ಲೇ ಹಂಗಿಸುವವರ ಮಾತು ಇಂದು ಕಟ್ಟೆಕಟ್ಟೆಯ ಮೇಲೂ ಕೇಳಿಬರುತ್ತದೆ. ನೆರೆಯವನಿಗಾಗಿ ವಾರಕ್ಕೊಂದು ಊಟವನ್ನು ಬಿಟ್ಟ ಮನೆಗಳಲ್ಲಿ ಹುಟ್ಟಿದವರೂ ಅವರಲ್ಲಿ ಇದ್ದಾರು. ಅನ್ನವನ್ನು ಹಳಿಯಬಾರದೆಂಬ ಋಷಿಯ ವ್ರತ, ತನ್ನ ತಟ್ಟೆಯ ಅನ್ನಕ್ಕೆ ಮಾತ್ರ ಅನ್ವಯಿಸುವುದೆಂದು ಎಲ್ಲಿಯೂ ಹೇಳಿಲ್ಲ.